ಸಮುದ್ರದ ಉಸುಕಿಗಾಗಿ ಒಂದು ಜಗಳ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಇದು ಅಪ್ಪಟ ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ನೆಗಡಿ ಬಂದಾಗಲಾದರೂ ಒರೆಸಿಕೊಂಡು ಹೋಗುತ್ತಿತ್ತು. ನನ್ನ ಸಿಟ್ಟು ಒಳಗಿನದು, ಬೇಗ ಬಂದು ತಡವಾಗಿ ಹೋಗುವಂಥದ್ದು. ನೆರೆಮನೆಯ ಟಿವಿ, ಹದ ತಪ್ಪಿದ ಚಹಾ, ಮದುವೆಯ ಊಟದಲ್ಲಿ ನನ್ನ ಎಲೆಗೆ ಬರುವಾಗಲೇ ಖಾಲಿಯಾಗುವ ಹೋಳಿಗೆ, ಎಲ್ಲದರ ಮೇಲೂ ನಾನು ಸಿಟ್ಟಾಗಿದ್ದೇನೆ. ಆದರೆ ಸಮುದ್ರದ ಮೇಲೆ ಸಿಟ್ಟಾದದ್ದು ಇದೇ ಮೊದಲು. ಬಾಗಲಕೋಟೆಯವನಿಗೆ ಸಮುದ್ರದ ಜೊತೆ ಜಗಳವಾಡುವ ಪ್ರಸಂಗವೇ ಬರುವುದಿಲ್ಲ. ನನಗೆ ಬಂತು, ನಮ್ಮ ಅಕ್ಕನ ದೆಸೆಯಿಂದ.

ಅಕ್ಕನನ್ನು ಕೊಟ್ಟದ್ದು ಗುಳೇದಗುಡ್ಡಕ್ಕೆ. ಹೋದಾಗಿನಿಂದ ಮನೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಕುಪ್ಪಸದ ಖಣ ನೇಯ್ದು ನೇಯ್ದು ಅವಳ ಮೊಣಕಾಲು ಎರಡೂ ಸವೆದಿವೆ. ಆಪರೇಶನ್ ಆಗಲೇಬೇಕು, ಆಮೇಲೆ ನೆಲದ ಮೇಲೆ ಕುಳಿತುಕೊಳ್ಳುವಂತಿಲ್ಲ ಎಂದರು ಡಾಕ್ಟರು. ಅಕ್ಕ ಅಳಲಿಲ್ಲ, ಷರತ್ತು ಹಾಕಿದಳು. "ಅದಕ್ಕೂ ಮೊದಲ ಒಂದ ಸಲ ಸಮುದ್ರದ ದಂಡಿಗೆ ಉಸುಕಿನ್ಯಾಗ ಕುಂತು ಬುತ್ತಿ ಉಣ್ಣಬೇಕೋ ತಮ್ಮಾ. ಕುರ್ಚಿ ಮ್ಯಾಲೆ ಕುಂತು ಉಂಡ್ರ ಅದೇನು ಬುತ್ತಿ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಗೆ ಹೊಳೆಯಲ್ಲಿ ಮಿಂದು, ದಂಡೆಯ ಮರಳಿನ ಮೇಲೆ ಕುಳಿತು, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಿಚ್ಚಿದರೇನೇ ಹಬ್ಬ. ನೀರು ಕಂಡಲ್ಲಿ ರೊಟ್ಟಿಯ ಗಂಟು ಬಿಚ್ಚುವ ಜನ ನಾವು. ಸಮುದ್ರ ನಮ್ಮ ಲೆಕ್ಕದಲ್ಲಿ ಆಚೆ ದಂಡೆ ಕಾಣದ ಒಂದು ಹೊಳೆ, ಅಷ್ಟೇ.

ಮೇ ತಿಂಗಳಲ್ಲಿ ಗಾಡಿ ಮಾಡಿಕೊಂಡು ಹೊರಟೆವು. ಆಗಷ್ಟೇ ಕರಾವಳಿಗೆ ಚಂಡಮಾರುತ ಬಡಿದು ಹೋಗಿತ್ತು. ಟಿವಿಯವರು ಗಂಟಲು ಹರಿದುಕೊಂಡಿದ್ದರು. ಗಾಳಿ ಹೋಯಿತಲ್ಲ, ಇನ್ನೇನು ಎಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೋಗಿ ನೋಡಿದರೆ ದಂಡೆಯೇ ಇಲ್ಲ! ತೆಂಗಿನ ಮರಗಳ ಬುಡದಲ್ಲಿ ನೆಲ ಕಡಿದುಬಿದ್ದು ಆಳೆತ್ತರದ ಗೋಡೆಯಾಗಿತ್ತು. ಬೇರುಗಳು ಹೊರಗೆ ನೇತಾಡುತ್ತಿದ್ದವು. ಕೆಳಗೆ ಬರೀ ಕಲ್ಲು, ಕಲ್ಲಿಗೆ ಬಡಿಯುವ ರಾಡಿ ನೀರು. ಅಕ್ಕ ಬುತ್ತಿಯ ಗಂಟನ್ನು ಎದೆಗೆ ಅವಚಿಕೊಂಡು ಅಂಚಿನಲ್ಲಿ ನಿಂತುಬಿಟ್ಟಳು. ಅವಳನ್ನು ಹಾಗೆ ನೋಡಿ ನನ್ನ ಸಿಟ್ಟು ನೆತ್ತಿಗೇರಿತು.

ನಮ್ಮ ಕಡೆ ಹೊಳೆಯ ಉಸುಕು ಮಾಯವಾದರೆ ಅದು ಹೇಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ, ಟ್ರ್ಯಾಕ್ಟರ್ ಯಾರದು ಎಂದು ಕೇಳುತ್ತಾರೆ. ನಾನೂ ಅದನ್ನೇ ಕೇಳಿದೆ. ನಾವು ಇಳಿದುಕೊಂಡಿದ್ದ ಲಾಡ್ಜಿನ ಮಾಲೀಕನನ್ನು ಹಿಡಿದು, "ಏನ್ರೀ, ಇಡೀ ದಂಡಿ ಮಾರಿ ತಿಂದೀರಲ್ರಿ! ಎಷ್ಟು ಟ್ರ್ಯಾಕ್ಟರ್ ಹೇರಿದ್ರಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಜನ ಸೇರಿದರು. ಆ ಮನುಷ್ಯ ಸಿಟ್ಟಿಗೇಳಲಿಲ್ಲ, ನಕ್ಕ. ಜಗಳಕ್ಕೆ ಬಂದವನ ಎದುರು ನಗುವುದು ಯಾವ ಸೀಮೆಯ ಮರ್ಯಾದೆ?

"ಮಾರಾಯ್ರೆ, ಅದು ಎಲ್ಲೂ ಹೋಗ್ಲಿಲ್ಲ," ಎಂದ. "ಅಲ್ಲಿ ದೂರದಲ್ಲಿ ತೆರೆ ಒಡೀತದಲ್ಲ, ಅಲ್ಲಿ ನೀರಿನ ಅಡಿಗೆ ದಿಬ್ಬ ಆಗಿ ಬಿದ್ಕೊಂಡದೆ. ತೂಫಾನಿನ ದೊಡ್ಡ ತೆರೆ ಎಳ್ಕೊಂಡು ಹೋಗ್ತದೆ. ಮಳೆಗಾಲ ಮುಗಿದ ಮೇಲೆ ಸಣ್ಣ ತೆರೆ ಸ್ವಲ್ಪ ಸ್ವಲ್ಪವೇ ತಂದು ಹಾಕ್ತದೆ. ದೀಪಾವಳಿ ಕಳೆದ ಮೇಲೆ ಬನ್ನಿ."

ಎಂಥ ಹಸಿ ಸುಳ್ಳು! ಹಳೇ ಬಾಗಲಕೋಟೆಯಲ್ಲಿ ನಾನೂ ಅಕ್ಕನೂ ಹುಟ್ಟಿದ ಮನೆ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ಓಣಿ ಹೋಯಿತು, ಕಟ್ಟೆ ಹೋಯಿತು. ನೀರು ಇವತ್ತಿನವರೆಗೆ ಒಂದು ಇಟ್ಟಿಗೆಯನ್ನೂ ತಂದು ಹಾಕಿಲ್ಲ. ನನಗೆ ನೀರಿನ ಗುಣ ಹೇಳಿಕೊಡಲು ಬರುತ್ತಾನೆ ಈ ಮಹಾನುಭಾವ! ಆದರೆ ಅದೇ ಮನೆಯಲ್ಲಿ ಹುಟ್ಟಿದ ಅಕ್ಕ ಆ ತೆರೆಗಳ ಕಡೆ ಬಹಳ ಹೊತ್ತು ನೋಡಿ, "ಹಂಗಾದ್ರ ಆಪರೇಶನ್ ದೀಪಾವಳಿ ಆದಮ್ಯಾಗ ಮಾಡಿಸ್ತೇನಿ" ಎಂದಳು. ಬುತ್ತಿಯನ್ನು ಗಾಡಿಯಲ್ಲೇ ಉಂಡೆವು.

ಮಳೆಗಾಲವಿಡೀ ಅಕ್ಕ ಗೋಡೆ ಹಿಡಿದು ನಡೆದಳು. ಗುಳೇದಗುಡ್ಡಕ್ಕೆ ಹೋದಾಗಲೆಲ್ಲ ನಾನು ರೇಗಿದೆ. "ಅವನ ಮಾತು ನಂಬಿ ಕಾಲು ಕಳ್ಕೋತಿಯೇನು? ಅವಗ ಗಿರಾಕಿ ಬೇಕಾಗ್ಯಾರ, ಅಷ್ಟ!" ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಬರ್ತದಂತ ಹೇಳ್ಯಾನಲ್ಲೋ" ಎನ್ನುವಳು. ಒಡಹುಟ್ಟಿದ ತಮ್ಮನಿಗಿಂತ ಲಾಡ್ಜಿನವನ ಮೇಲೆ ನಂಬಿಕೆ! ದೀಪಾವಳಿ ಮುಗಿದದ್ದೇ ಗಾಡಿ ಮಾಡು ಎಂದಳು. ನಾನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ, "ನಾ ಬರಂಗಿಲ್ಲ. ಎರಡನೇ ಸಲ ಮಂಗ್ಯಾ ಆಗಾಕ ನಾ ತಯಾರಿಲ್ಲ." ನಿಜ ಹೇಳಬೇಕೆಂದರೆ, ಮರಳು ಬಂದಿರದಿದ್ದರೆ ಅಕ್ಕನ ಮುಖ ನೋಡುವುದು ಕಷ್ಟ, ಬಂದಿದ್ದರೆ ಆ ಮಾಲೀಕನ ಮುಖ ನೋಡುವುದು ಕಷ್ಟ.

ಅಕ್ಕ ಓಣಿಯ ಮಗ್ಗದ ಹೆಂಗಸರನ್ನು ಕಟ್ಟಿಕೊಂಡು ಹೊರಟೇಬಿಟ್ಟಳು. ಮರುದಿನ ಮಧ್ಯಾಹ್ನ ಅವಳ ವಿಡಿಯೋ ಕಾಲ್ ಬಂತು. ಕಡಿದುಬಿದ್ದಿದ್ದ ಗೋಡೆ ತುಂಬಿಕೊಂಡು ಇಳಿಜಾರಾಗಿತ್ತು. ಒಂದು ಕಲ್ಲೂ ಕಾಣಲಿಲ್ಲ. ಉದ್ದಕ್ಕೂ ಮರಳು, ಅದರ ಮೇಲೆ ಕಾಲು ಚಾಚಿ ಕುಳಿತ ಅಕ್ಕ, ತೊಡೆಯ ಮೇಲೆ ರೊಟ್ಟಿ. ನಾನು ಸುಮ್ಮನಿರಬಹುದಿತ್ತು.

"ಮೊದಲಿನಷ್ಟು ಅಗಲ ಇಲ್ಲ ಬಿಡು" ಎಂದೆ. ಮೊದಲು ಎಷ್ಟು ಅಗಲವಿತ್ತೆಂದು ನಾನು ಕಂಡವನೇ ಅಲ್ಲ.

ಅಕ್ಕ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿ, ಫೋನನ್ನು ಒಮ್ಮೆ ದಂಡೆಯ ಉದ್ದಕ್ಕೂ ತಿರುಗಿಸಿ ತೋರಿಸಿದಳು. "ನೋಡೋ ತಮ್ಮಾ, ಹೋದ ಉಸುಕು ತಿರುಗಿ ಬಂದೈತಿ. ನೀ ಒಬ್ಬನ ಬರಲಿಲ್ಲ."

ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಈ ಸಲ ಯಾರಿಗೂ ಹೇಳಲಿಲ್ಲ.