ವೋಟಿನ ದಿನ ಬನ್ನಿ

ನಮ್ಮ ಕಡೆಯವರಿಗೆ ತಾರೀಖು ಹೇಳಿ ಅಭ್ಯಾಸ ಕಡಿಮೆ. ಯಾವಾಗ ಬರುತ್ತೀರಿ ಎಂದು ಕೇಳಿದರೆ ಹಬ್ಬ ಕಳೆದ ಮೇಲೆ ಎನ್ನುತ್ತೇವೆ, ಕಟಾವು ಮುಗಿದ ಮೇಲೆ ಎನ್ನುತ್ತೇವೆ, ಇಲ್ಲವೇ ಆಚೆ ಮನೆಯ ಮದುವೆಯ ಮರುದಿನ ಎನ್ನುತ್ತೇವೆ. ಕೇಳಿದವರಿಗೆ ಅದು ಸರಿಯಾಗಿಯೇ ತಿಳಿಯುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರ್ ಇರುವುದು ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಗುರುತು ಹಾಕಲು ಮಾತ್ರ. ನಾನೂ ಈ ಪದ್ಧತಿಯಲ್ಲೇ ಬೆಳೆದು, ಮದುವೆಯಾಗಿ, ಕುಂದಾಪುರ ಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿಯನ್ನೂ ನಡೆಸಿಕೊಂಡು ಬಂದವನು. ಎಲ್ಲಿಯೂ ಎಡವಿರಲಿಲ್ಲ. ಕಳೆದ ಲೋಕಸಭಾ ಚುನಾವಣೆಯಲ್ಲಿ ಮಾತ್ರ ನನ್ನ ಒಂದೇ ಒಂದು ವಾಕ್ಯದಿಂದ ಅಕ್ಕನ ಮಗಳ ಸಂಬಂಧ ಮುರಿದುಬೀಳುವುದರಲ್ಲಿತ್ತು.

ಅಕ್ಕನ ಮನೆ ಬ್ರಹ್ಮಾವರ. ಮಗಳು ಸೌಮ್ಯ ಅಲ್ಲಿಯೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳಿಗೆ ಬಿಜೂರಿನ ಗಣೇಶ ಎಂಬ ಹುಡುಗನನ್ನು ಹುಡುಕಿದವನು ನಾನು. ಬೈಂದೂರಿನಲ್ಲಿ ಪಂಪ್‌ಸೆಟ್ ಅಂಗಡಿ, ಒಳ್ಳೆಯ ಜನ, ಮನೆಯಲ್ಲಿ ಹಿರಿಯರೆಂದರೆ ಅಜ್ಜ. ಜಾತಕ ಕೂಡಿತು, ಫೋಟೋ ಹೋಗಿ ಬಂತು. ಇನ್ನು ಹೆಣ್ಣು ನೋಡುವ ದಿನ ಗೊತ್ತುಮಾಡಬೇಕು. ಸೌಮ್ಯಳಿಗೆ ರಜೆ ಸಿಗುವುದಿಲ್ಲ, ಹುಡುಗನಿಗೆ ಅಂಗಡಿ ಮುಚ್ಚಲಾಗುವುದಿಲ್ಲ. ಸೋದರಮಾವನ ತಲೆ ಎಂದರೆ ಸುಮ್ಮನೆಯೇ? ನಾನು ಬಿಜೂರಿಗೆ ಫೋನ್ ಮಾಡಿ, "ವೋಟಿನ ದಿನ ಬನ್ನಿ. ಎಲ್ಲರಿಗೂ ರಜೆ" ಎಂದೆ. ಅಜ್ಜ ಸಂತೋಷದಿಂದ, "ಆಯ್ತ್, ವೋಟ್ ಹಾಕಿ ಬತ್ತ್" ಎಂದರು.

ಆ ದಿನ ಬಂತು. ಅಕ್ಕ ಬೆಳಕು ಹರಿಯುವ ಮೊದಲೇ ಎದ್ದು ಕಡ್ಲೆಬೇಳೆ ಪಾಯಸ ಮಾಡಿದ್ದಳು. ಭಾವ ವೋಟು ಹಾಕಿ ಬಂದು ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತರು. ನಾನು ಹೆಂಡತಿ ಸುಮತಿಯೊಂದಿಗೆ ಕೋಡಿಯ ನಮ್ಮ ಮನೆಯಿಂದ ಬೇಗನೆ ಬಂದು ಮೇಲುಸ್ತುವಾರಿ ನಡೆಸಿದೆ. ಹನ್ನೊಂದಾಯಿತು. ಮಧ್ಯಾಹ್ನವಾಯಿತು. ಗೇಟಿನ ಬಳಿ ಕಾರು ನಿಂತ ಸದ್ದಾದಾಗೆಲ್ಲ ಸೌಮ್ಯ ಒಳಗೆ ಓಡುವಳು. ನೋಡಿದರೆ ಎದುರು ಮನೆಯವರು ವೋಟು ಹಾಕಿ ಬಂದದ್ದು. ಕಡೆಗೆ ಅಕ್ಕ, "ತಮ್ಮಾ, ಒಂದ್ ಫೋನ್ ಮಾಡಿ ಕಾಣ್" ಎಂದಳು. ಫೋನ್ ಎತ್ತಿದವರು ಅಜ್ಜ.

"ಹ್ವಾಯ್, ಹೊರಟ್ರ್ಯಾ?" ಎಂದೆ.

"ಎಲ್ಲಿಗೆ?"

"ಇಲ್ಲಿಗೇ. ಇವತ್ತ್ ವೋಟಿನ ದಿನ ಅಲ್ದಾ?"

"ನಮ್ಗ್ ಇವತ್ತ್ ಎಂತ ವೋಟ್ ಮಾರಾಯ್ರೆ? ನಮ್ದ್ ಮುಂದಿನ್ ತಿಂಗ್ಳ್. ಆ ದಿನ ಬತ್ತ್ ಅಂದಿದ್ ಅಲ್ದಾ? ಗಣೇಶ ಅಂಗಡಿಗ್ ಹೋಯ್ದ."

ಫೋನ್ ಇಟ್ಟು ಅಜ್ಜ ಹೇಳಿದ್ದನ್ನು ಎಲ್ಲರಿಗೂ ತಿಳಿಸುತ್ತಿದ್ದಂತೆ ನನಗೆ ಸಂಗತಿ ನಿಧಾನಕ್ಕೆ ಹೊಳೆಯಿತು. ಕೆಲವು ಚುನಾವಣೆಗಳ ಹಿಂದೆ ಜನಸಂಖ್ಯೆ ನೋಡಿ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದಾಗ ನಮ್ಮ ಹಳೆಯ ಉಡುಪಿ ಲೋಕಸಭಾ ಕ್ಷೇತ್ರ ಎರಡು ಕಡೆ ಹರಿದುಹೋಗಿತ್ತು. ಕುಂದಾಪುರ, ಬ್ರಹ್ಮಾವರದ ನಾವು ಚಿಕ್ಕಮಗಳೂರಿನ ಜೊತೆಗೆ, ಬೈಂದೂರಿನವರು ಶಿವಮೊಗ್ಗದ ಜೊತೆಗೆ. ಜಿಲ್ಲೆ ಒಂದೇ, ಸಂಸದರು ಇಬ್ಬರು, ಮತದಾನದ ದಿನವೂ ಬೇರೆ ಬೇರೆ. ಪತ್ರಿಕೆಯಲ್ಲಿ ಓದಿದ್ದೆ. ಆದರೆ ಓದಿದ್ದು ನಮ್ಮ ಮನೆಯ ಪಾಯಸಕ್ಕೂ ಸಂಬಂಧಪಟ್ಟದ್ದು ಎಂದು ತೋಚಿರಲಿಲ್ಲ.

ಸುಮತಿಯ ತವರು ಸಿದ್ದಾಪುರ. ಕುಂದಾಪುರ ತಾಲೂಕೇ ಆದರೂ ವೋಟಿನ ಲೆಕ್ಕಕ್ಕೆ ಅದು ಬೈಂದೂರಿಗೆ ಸೇರಿದ್ದು, ಆದ್ದರಿಂದ ಶಿವಮೊಗ್ಗಕ್ಕೆ. ಅವಳು ಶಾಂತವಾಗಿ, "ನಮ್ಮ್ ಅಣ್ಣ ಕಳೆದ್ ಸಲವೂ ಬೇರೆ ದಿನವೇ ವೋಟ್ ಹಾಕಿದ್" ಎಂದಳು.

"ಮೊದಲೇ ಹೇಳುಕಾಗ್ದಾ?"

"ನೀವ್ ಕೇಂಡ್ರ್ಯಾ?"

ಭಾವನಿಗೆ ನನ್ನ ಈ ವಿವರಣೆ ಒಪ್ಪಿಗೆಯಾಗಲಿಲ್ಲ. "ಒಂದೇ ಜಿಲ್ಲೆಯಂಗ್ ಎರಡ್ ದಿನ ವೋಟಾ? ಬಪ್ಪುಕ್ ಮನಸ್ಸಿಲ್ಲೆ ಅಂತ ಹೇಳಿರೆ ಆತಿತ್ತ್" ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದರು. ಅಕ್ಕ ಅಡುಗೆಮನೆಗೆ ಹೋಗಿ ಪಾಯಸದ ಪಾತ್ರೆಗೆ ಮುಚ್ಚಳ ಹಾಕಿದಳು. ಹುಡುಗಿಯ ಫೋಟೋ ಹಿಡಿಸದವರ ನೆಪ ಇದು ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು. ಇದಕ್ಕೆ ಮೊದಲು ಎರಡು ಸಂಬಂಧ ಹೀಗೆಯೇ ಏನೇನೋ ಕಾರಣಕ್ಕೆ ತಪ್ಪಿಹೋಗಿದ್ದವು. ಅವಳ ಕಣ್ಣು ನೋಡಿ ನನಗೆ ನಿಂತ ನೆಲವೇ ಬೇಡವೆನಿಸಿತು.

ಆಗ ಸೌಮ್ಯ ಒಳಗಿನಿಂದ ಬಂದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. "ಅಮ್ಮ, ಮಾಡಿದ್ ಹಾಳ್ ಮಾಡುದ್ ಬ್ಯಾಡ. ನಂಗ್ ರಜೆ ಇಪ್ಪುದ್ ಇವತ್ತೇ. ನಾವೇ ಹೋಪ" ಎಂದಳು. ಹೆಣ್ಣಿನ ಕಡೆಯವರು ಮೊದಲು ಹೋಗುವುದು ಎಲ್ಲಾದರೂ ಉಂಟೇ ಎಂದು ಭಾವ ಗೊಣಗಿದರು. "ಅವ್ರ್ ಸುಳ್ಳ್ ಹೇಳಿದ್ದಾ ಅಂತ ಕಂಡಾಂಗೂ ಆಯ್ತಲ್ಲ ಅಪ್ಪಯ್ಯ" ಎಂದಳು. ಈ ಮಾತು ಭಾವನ ಮೇಲೆ ಕೆಲಸ ಮಾಡಿತು. ಗುಂಡಿಗಳು ಮತ್ತೆ ಒಂದೊಂದಾಗಿ ಮೇಲೇರಿದವು. ಪಾಯಸವನ್ನು ದೊಡ್ಡ ಸ್ಟೀಲ್ ಡಬ್ಬಕ್ಕೆ ಸುರಿದು, ಐದೂ ಜನ ನನ್ನ ಹಳೆಯ ಕಾರಿನಲ್ಲಿ ಬಿಜೂರಿಗೆ ಹೊರಟೆವು.

ಹೆದ್ದಾರಿಯ ಉದ್ದಕ್ಕೂ ಭಾವ ಕಿಟಕಿಯಿಂದ ಹೊರಗೆ ಕಣ್ಣಿಟ್ಟಿದ್ದರು. ಕುಂದಾಪುರದವರೆಗೆ ಅಂಗಡಿಗಳಿಗೆ ಬೀಗ, ಶಾಲೆಗಳ ಎದುರು ಸಾಲು, ಪೊಲೀಸರು. ಹೊಳೆ ದಾಟಿ ಸ್ವಲ್ಪ ಮುಂದೆ ಹೋದದ್ದೇ ಲೋಕ ಬದಲಾಯಿತು. ಮೀನಿನ ಅಂಗಡಿ, ಕ್ಷೌರದ ಅಂಗಡಿ, ಟೈರ್ ಅಂಗಡಿ, ಎಲ್ಲ ತೆರೆದಿದ್ದವು. "ಹೌದಲೆ!" ಎಂದರು ಭಾವ. ಆಮೇಲೆ ಅವರ ಸಿಟ್ಟು ಕೌತುಕವಾಯಿತು. ಗೆರೆ ಬಿದ್ದದ್ದು ಸರಿಯಾಗಿ ಎಲ್ಲಿ ಎಂದು ನನ್ನನ್ನು ಪೀಡಿಸತೊಡಗಿದರು. ನನಗೂ ಗೊತ್ತಿರಲಿಲ್ಲ.

ಬಿಜೂರಿನ ಅಜ್ಜ ಅಂಗಳದಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದರು. ಕರೆಯದೆ ಬಂದ ನಮ್ಮನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ನಾನು ವಿಷಯ ಬಿಡಿಸಿ ಹೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಬನಿ, ಕೂಕಣಿ. ನಂದ್ ಕತೆ ಕೇಣಿ. ನನ್ನ್ ಅಪ್ಪಯ್ಯ ಮೊದ್ಲ್ ವೋಟ್ ಹಾಕುವತಿಗೆ ನಾವ್ ಮದ್ರಾಸಿನವ್ರ್. ನಾನ್ ಹಾಕುವತಿಗೆ ಮೈಸೂರ್ ರಾಜ್ಯ, ಉಡುಪಿ ಕ್ಷೇತ್ರ. ಈಗ ಶಿವಮೊಗ್ಗ. ನಾವ್ ಈ ಅಂಗಳ ಬಿಟ್ಟ್ ಎಲ್ಲಿಗೂ ಹೋಯ್ಲಿಲ್ಲೆ ಕಾಣಿ!"

ಭಾವ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. "ನಿಮ್ದ್ ಬೈಂದೂರ್ ಅಂತ ಒಂದ್ ವಿಧಾನಸಭಾ ಕ್ಷೇತ್ರ ಆದ್ರೂ ಉಳಿತ್. ನಮ್ಮ್ ಬ್ರಹ್ಮಾವರದ್ ಹೆಸ್ರೇ ಅಳಿಸಿ ಹಾಕ್ರ್. ಅರ್ಧ ಉಡುಪಿಗೆ, ಅರ್ಧ ಕುಂದಾಪುರಕ್ಕೆ!" ಹತ್ತಿರದವರು ತೀರಿಕೊಂಡ ಸುದ್ದಿ ಕೇಳಿದವರಂತೆ ಅಜ್ಜ ಮರುಗಿದರು. ಇಬ್ಬರೂ ಹಳೆಯ ಉಡುಪಿ ಕ್ಷೇತ್ರದ ಒಂದೊಂದು ಚುನಾವಣೆಯನ್ನೂ ನೆನೆದುಕೊಂಡು ಕಣ್ಣರಳಿಸಿದರು. ಜಾತಕ ಕೂಡಿಸಿದ್ದಕ್ಕಿಂತ ಚೆನ್ನಾಗಿ ಈ ದುಃಖ ಅವರಿಬ್ಬರನ್ನೂ ಕೂಡಿಸಿತು.

ಅಷ್ಟರಲ್ಲಿ ಗಣೇಶ ಬೈಂದೂರಿನಿಂದ ಬೈಕಿನಲ್ಲಿ ಬಂದ. ಕೈತುಂಬ ಗ್ರೀಸು, ಅಂಗಿಯ ಮೇಲೂ ಗ್ರೀಸು. ಪಾಯಸದ ಲೋಟ ಹಿಡಿದು ಬಂದ ಸೌಮ್ಯಳನ್ನು ನೋಡಿ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ. "ಕೈ ತೊಳ್ಕಂಡ್ ಬನಿ, ಪಾಯಸ ತಣಿತ್" ಎಂದಳು ಅವಳು. ಹುಡುಗ ಹೇಳಿದಂತೆ ಮಾಡಿದ. ಆಮೇಲೆ ಬಾವಿಕಟ್ಟೆಯ ಹತ್ತಿರ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಹಿಂದಿರುಗಿದ ಮಗಳ ಮುಖ ನೋಡಿ ಅಕ್ಕ ಸುಮತಿಯ ಕೈ ಒತ್ತಿದಳು.

ಹೊರಡುವಾಗ ಅಜ್ಜ ನನ್ನ ಎಡಗೈ ನೋಡಿ, "ನಿಮ್ಮ್ ಬೆರಳಂಗ್ ಶಾಯಿ ಇಲ್ಯಲೆ?" ಎಂದರು. ಬೆಳಿಗ್ಗೆ ಸುಮತಿ ವೋಟಿನ ಸಾಲಿನಲ್ಲಿ ನಿಂತಾಗ ನಾನು ಹೂವು ತರುವ ನೆಪದಲ್ಲಿ ಪಾರಾಗಿದ್ದೆ. "ಹೋಪತಿಗೆ ವೋಟ್ ಹಾಕ್ತೆ, ಬೇಕಾದಷ್ಟ್ ಹೊತ್ತಿತ್ತ್" ಎಂದೆ. ಹೊತ್ತು ಇದ್ದದ್ದೂ ನಿಜ. ಆದರೆ ಹೊಳೆಯ ಹತ್ತಿರ ಬಂದಾಗ ಭಾವ, "ಆ ಗೆರೆ ಎಲ್ಲಿ, ಒಮ್ಮೆ ಕೇಂಬನಾ?" ಎಂದರು. ನನಗೂ ಅದೇ ಬೇಕಿತ್ತು. ಚಾದಂಗಡಿಯಲ್ಲಿ ವಿಚಾರಿಸಿದೆವು. ಹೊಳೆಯೇ ಗಡಿ ಎಂದ ಅಂಗಡಿಯವ. ಅಲ್ಲ, ಇನ್ನೂ ಆಚೆಗೆ ಎಂದ ಚಾ ಕುಡಿಯುತ್ತಿದ್ದವ. ರಿಕ್ಷಾದವನೊಬ್ಬ ಇಳಿದು ಬಂದು ತನ್ನ ಮನೆ ಈಚೆ, ಮಾವನ ಮನೆ ಆಚೆ ಎಂದು ಕೈಮಾಡಿ ತೋರಿಸಿದ. ಅದನ್ನು ನೋಡಿಯೇ ಬಿಡೋಣವೆಂದು ನಾವಿಬ್ಬರೂ ಅವನ ಹಿಂದೆ ಗದ್ದೆಯ ಅಂಚಿನವರೆಗೆ ನಡೆದೆವು. ಅಲ್ಲಿ ಬೇಲಿಯಿತ್ತು, ಎರಡು ದನಗಳಿದ್ದವು. ಗೆರೆ ಇರಲಿಲ್ಲ.

ನಮ್ಮ ಮತಗಟ್ಟೆಯಿದ್ದ ಕೋಡಿಯ ಶಾಲೆಗೆ ಬಂದಾಗ ಗೇಟು ಹಾಕಿಯಾಗಿತ್ತು. ಒಳಗೆ ಯಂತ್ರಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಸುಮತಿ ಕಾರಿನಿಂದ ಇಳಿಯಲೇ ಇಲ್ಲ.

ಮುಂದಿನ ತಿಂಗಳು ಬಿಜೂರಿನವರು ತಮ್ಮ ವೋಟಿನ ದಿನ, ಎಲ್ಲರ ಬೆರಳಿಗೂ ಹಸಿ ಶಾಯಿ ಹಚ್ಚಿಸಿಕೊಂಡು, ನಿಶ್ಚಯಕ್ಕೆ ಬ್ರಹ್ಮಾವರಕ್ಕೆ ಬಂದರು. ಸೌಮ್ಯ ಲ್ಯಾಬಿಗೆ ರಜೆ ಹಾಕಿದ್ದಳು. ಅಜ್ಜ ತಮ್ಮ ಕಡೆಯವರಿಗೆ ನನ್ನನ್ನು ತೋರಿಸಿ, "ಇವ್ರೇ ಹುಡ್ಗಿ ಸೋದರಮಾವ. ಲೋಕಸಭೆ ಕ್ಷೇತ್ರದ್ ವಿಷಯ ಎಂತ ಬೇಕಾರೂ ಇವ್ರನ್ನೇ ಕೇಣಿ" ಎಂದರು. ಎಲ್ಲರೂ ಗೌರವದಿಂದ ನನ್ನ ಕಡೆ ತಿರುಗಿದರು. ನಾನು ಎಡಗೈಯನ್ನು ಮೆಲ್ಲಗೆ ಜೇಬಿಗೆ ಸೇರಿಸಿ ವಿವರಿಸತೊಡಗಿದೆ.