ಕಂಪ್ಯೂಟರಿನೊಳಗೆ ಕಸ ಗುಡಿಸುವ ಭಾವ

ನಮ್ಮ ಭಾವ ಜೀವಮಾನದಲ್ಲಿ ಒಂದು ಸಲವೂ ಪೊರಕೆ ಮುಟ್ಟಿದವರಲ್ಲ. ಆದರೂ ಲೋಕದ ಕಸವನ್ನೆಲ್ಲ ಗುಡಿಸುವವರು ತಾವೇ ಎಂದು ನಂಬಿದ್ದಾರೆ!

ಚಿಂತಾಮಣಿಯಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುವುದು ಅವರ ಕೆಲಸ. ಮಿಕ್ಕ ಹೊತ್ತಿನಲ್ಲಿ, ಯಾವ ಯಾವುದೋ ದೇಶದವರು ಸೇರಿ ಕಟ್ಟುತ್ತಿದ್ದ ಒಂದು ಪ್ರೋಗ್ರಾಮಿಂಗ್ ಭಾಷೆಗೆ ಬಿಟ್ಟಿ ಚಾಕರಿ. ಆ ಭಾಷೆಯೊಳಗೆ ಕಸ ಗುಡಿಸುವ ಒಂದು ಏರ್ಪಾಟು ಇದೆಯಂತೆ. ಯಾರಿಗೂ ಬೇಡವಾದದ್ದನ್ನು ಹುಡುಕಿ ಎಸೆದು, ಕಂಪ್ಯೂಟರಿನ ನೆನಪಿನಲ್ಲಿ ಜಾಗ ಮಾಡಿಕೊಡುತ್ತದಂತೆ. ಅದಕ್ಕೊಂದು ಬಗ್ ಬಂದಿತ್ತು, ಮಳೆಗಾಲವೆಲ್ಲ ಭಾವ ಹುಡುಕಿದರೂ ಸಿಗದ ದೋಷ. ಬೇಕಾದದ್ದನ್ನೂ ಎಸೆದು ಆ ಜಾಗದಲ್ಲಿ ಬೇರೇನನ್ನೋ ತುಂಬುತ್ತಿತ್ತು. ಹೆಸರು ಕೇಳಿದರೆ ಟೊಮೊಟೊ ರೇಟು ಹೇಳುತ್ತಿತ್ತು! ಇದರಲ್ಲೇನು ವಿಶೇಷ? ನನ್ನ ನೆನಪೂ ಮಾಡುವುದು ಅದನ್ನೇ. ಅದರ ರಿಪೇರಿಗೆ ಯಾರೂ ಕೂತಿಲ್ಲ.

ಅಕ್ಕನಿಗೆ ನಿಜವಾದ ಕಸದ ಚಿಂತೆ. ಭಾನುವಾರದೊಳಗೆ ದೊಡ್ಡ ಬಾಡಿಗೆ ಮನೆ ಬಿಟ್ಟು ಸಣ್ಣದಕ್ಕೆ ಹೋಗಬೇಕು. ಅರ್ಧ ಸಾಮಾನು ಎಸೆಯಲೇಬೇಕು. ಏನಾಯಿತೆಂದು ವಿಚಾರಿಸಲು ಫೋನ್ ಮಾಡಿದರೆ ಯಾವಾಗಲೂ ಎಂಗೇಜು. ಇಂಟರ್ನೆಟ್ಟು ಬರುತ್ತಿದ್ದದ್ದೂ ಫೋನಿನ ತಂತಿಯಲ್ಲೇ; ಭಾವ ಅದಕ್ಕೆ ಕೂತರೆ ಮನೆಯ ಫೋನು ಸತ್ತಂತೆಯೇ. ಶಿಡ್ಲಘಟ್ಟದಿಂದ ನಾನೇ ಬಸ್ಸು ಹತ್ತಿ ಹೋದೆ.

"ಬಗ್ಗು ಯಾವಾಗಲೋ ಒಂದ್ಸಲ ಬರುತ್ತೆ ಕಣಯ್ಯ. ಅದಕ್ಕೇ ಹೆಜ್ಜೆಹೆಜ್ಜೆಗೂ ಕಸ ಗುಡಿಸೋ ಹಾಗೆ ಮಾಡಿದೀನಿ. ಆಗ ಕಳ್ಳ ಸಿಕ್ಕೇ ಸಿಕ್ತಾನೆ," ಅಂದರು ಭಾವ.

"ಮನೇಲೂ ಹಾಗೇ ಗುಡಿಸಬಾರದಾ ಭಾವ?" ಅಂದೆ. ಅಷ್ಟೇ ಸಾಕಾಯಿತು!

ಊಟದ ಹೊತ್ತಿಗೆ ಭಾವ ಗೋಣಿಚೀಲ ಹಿಡಿದು ನಮ್ಮ ತಲೆಯ ಮೇಲೆ ನಿಂತರು. ಅವರ ನಿಯಮ: ಪಾತ್ರೆಯಲ್ಲೂ ಇಲ್ಲದ್ದು, ತಟ್ಟೆಯಲ್ಲೂ ಇಲ್ಲದ್ದು ಕಸ. ಅಕ್ಕ ಪಾತ್ರೆಯಿಂದ ಮುದ್ದೆ ಎತ್ತಿ ನನ್ನ ತಟ್ಟೆಗೆ ತರುತ್ತಿದ್ದಳು. ನಡುದಾರಿಯಲ್ಲೇ ಕಸಿದು ಗೋಣಿಗೆ ಹಾಕಿದರು!

"ಅದು ನನ್ನ ಕೈಯಲ್ಲಿತ್ತು ಕಣ್ರೀ! ನಿಮ್ಮ ತಲೆ ನೆಟ್ಟಗಿದೆಯಾ?"

ಭಾವ ಬೆಪ್ಪಾಗಿ ನಿಂತರು. "ಕೈ... ಕೈ ನೋಡಲೇ ಇಲ್ವಲ್ಲ!" ಎಂದವರೇ ಕಂಪ್ಯೂಟರಿನ ಕಡೆ ಓಡಿದರು. ಗೋಣಿಯ ಮುದ್ದೆ ಬೀದಿನಾಯಿಗೆ ಹೋಯಿತು; ಪ್ರಯೋಗದಿಂದ ಲಾಭ ಪಡೆದ ಮೊದಲ ಜೀವಿ ಅದೇ.

ಬೆಳಿಗ್ಗೆ "ದೊರಿಕಿಂದಿ! ದೊರಿಕಿಂದಿ!" ಎಂಬ ಕೂಗು. ಸಿಕ್ಕಿತು ಅಂತ; ಖುಷಿಯಾದರೆ ಭಾವನಿಗೆ ತೆಲುಗು ಬರುತ್ತದೆ. "ಅದೂ ನನ್ನ ಹಾಗೇ ಪಾತ್ರೆ ನೋಡ್ತಿತ್ತು, ತಟ್ಟೆ ನೋಡ್ತಿತ್ತು, ಕೈ ನೋಡ್ತಿರಲಿಲ್ಲ ಕಣಯ್ಯ. ಇನ್ಮೇಲೆ, ಯಾರೋ ಹಿಡ್ಕೊಂಡಿರಬಹುದು ಅಂತ ಅನುಮಾನ ಬಂದ್ರೂ ಸಾಕು, ಎಸೆಯಲ್ಲ."

"ಇಷ್ಟಕ್ಕೆ ಮಳೆಗಾಲವೆಲ್ಲ ಬೇಕಾಯ್ತಾ? ನಮ್ಮಜ್ಜಿ ಇದೇ ಸಿದ್ಧಾಂತದ ಮೇಲೆ ತೂತು ಬಿಂದಿಗೆಗಳನ್ನೆಲ್ಲ ಇಟ್ಕೊಂಡಿದ್ದಳು!" ಅಂದೆ ನಾನು.

ಭಾನುವಾರ ಟೆಂಪೋ ಬಂತು. ನಡುಮನೆಯ ಗೋಡೆಗೆ ಒರಗಿದ್ದದ್ದು ಚಂದ್ರಿಕೆ: ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ, ಆಳೆತ್ತರದ ಬಿದಿರಿನ ತಟ್ಟಿ. ನಮ್ಮೂರು ಮೇಲೂರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಹುಳು ಸಾಕುವುದು ನಿಂತಿತು. ಅಕ್ಕ ಇದೊಂದನ್ನು ಹಟ ಹಿಡಿದು ತಂದಿದ್ದಳು. ಅಪ್ಪ ತಾನೇ ಹೆಣೆದದ್ದು ಅಂತ ಅಕ್ಕ. ಸಂತೆಯಲ್ಲಿ ಕೊಂಡದ್ದು ಅಂತ ನಾನು. ಇಬ್ಬರನ್ನೂ ನಂಬಬೇಡಿ. ಚಿಂತಾಮಣಿಗೆ ಬಂದ ಮೇಲಂತೂ ಅದು ಒಂದು ಹುಳುವನ್ನೂ ಕಂಡಿರಲಿಲ್ಲ.

"ಇದು?" ಅಂದೆ.

"ಎಸೆದುಬಿಡು ಅದನ್ನೂ. ಆ ಮನೆ ಬಾಗಿಲಲ್ಲಿ ಅದು ತೂರಲ್ಲ," ಅಂದಳು ಅಕ್ಕ, ಅಡುಗೆಮನೆಯಿಂದ, ಈ ಕಡೆ ತಿರುಗದೆ.

ನಾನು ಬೀದಿಗೆ ಎಳೆದೆ. ಇನ್ನೊಂದು ತುದಿಯನ್ನು ಭಾವ ಹಿಡಿದು ನಿಲ್ಲಿಸಿದರು.

"ಬೇಡ ಕಣಯ್ಯ. ಯಾರೋ ಹಿಡ್ಕೊಂಡಿದಾರೆ."

"ಯಾರು? ನೀವೇ ತಾನೆ!"

"ನಾನಲ್ಲ." ಅಡುಗೆಮನೆಯ ಕಡೆ ನೋಡಿದರು. ಆಗಲೇ ಒರೆಸಿ ಮುಗಿಸಿದ್ದ ಕಟ್ಟೆಯನ್ನು ಅಕ್ಕ ಮತ್ತೆ ಒರೆಸುತ್ತಿದ್ದಳು. "ತಾರಸಿ ಇದೆಯಲ್ಲ, ಅಲ್ಲಿಡೋಣ."

ಟೆಂಪೋದ ನೆತ್ತಿಗೆ ಚಂದ್ರಿಕೆ ಏರಿತು. ಹಗ್ಗ ಬಿಗಿದವನು ನಾನೇ. ಅಲುಗಾಡುವ ಮಾತೇ ಇರಲಿಲ್ಲ. ಆದರೂ ಮುಂದೆ ಕೂತ ಅಕ್ಕ, ಹೊಸ ಮನೆ ಬರುವವರೆಗೂ, ಕಿಟಕಿಯಿಂದ ಕೈ ಹೊರಹಾಕಿ ಮೇಲಕ್ಕೆ ಚಾಚಿ ಅದರ ಬಿದಿರಿನ ಅಂಚನ್ನು ಹಿಡಿದೇ ಇದ್ದಳು.