ಗುಡುಗು, ಅತ್ತೆ ಮತ್ತು ನನ್ನ ಲಾಗಿನ್

ಸುಮ್ಮನಿರುವುದು ನನಗೆ ಬರುವುದಿಲ್ಲ. ಚೆನ್ನಾಗಿ ತಿರುಗುತ್ತಿರುವ ಫ್ಯಾನಿನ ಕೆಳಗೆ ಕೂತರೂ ಅದರ ಸ್ಕ್ರೂ ಸಡಿಲವಾಗಿದೆಯೋ ಎಂದು ನೋಡುವ ಆಸಾಮಿ ನಾನು. ಬೈಂದೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಶಶಿಕಲಾ ಎರಡು ಕಂಪ್ಯೂಟರ್ ಇಟ್ಟುಕೊಂಡು, ಮದುವೆ ಕಾಗದ, ಕರಪತ್ರ ಮಾಡಿಕೊಡುತ್ತ ಸುಖವಾಗಿದ್ದಳು. ಆ ಸುಖ ನನ್ನ ಕಣ್ಣಿಗೆ ಬಿತ್ತು.

ಒಂದರಲ್ಲಿ ಮಾಡಿದ ಫೈಲು ಇನ್ನೊಂದರಲ್ಲಿ ಸಿಗುವುದಿಲ್ಲ ಎಂದು ಅವಳು ಗೊಣಗಿದ್ದೇ ನೆಪ. ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಒಳಕೋಣೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಕೂರಿಸಿ, ಫೈಲುಗಳನ್ನೆಲ್ಲ ಅದಕ್ಕೆ ತುಂಬಿ, ಎರಡೂ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಲಾಗಿನ್ ವ್ಯವಸ್ಥೆಯನ್ನು ತಿದ್ದಿದೆ. ಯಾವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೊಟ್ಟರೂ ಅವಳ ಫೋಲ್ಡರ್ ಒಳಕೋಣೆಯಿಂದ ತಾನಾಗಿ ಬಂದು ತೆರೆದುಕೊಳ್ಳುತ್ತಿತ್ತು. "ಅಡ್ಡಿಲ್ಲ ಮಾರಾಯ್ರೆ" ಎಂದಳು. ನಮ್ಮ ಸಂಸಾರದಲ್ಲಿ ಇಂಥ ಹೊಗಳಿಕೆ ಅಪರೂಪ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಉಪ್ಪುಂದದ ಮೀನು ವ್ಯಾಪಾರಿಯೊಬ್ಬರು ಮಗಳ ಮದುವೆ ಕಾಗದಕ್ಕಾಗಿ ಬಂದು ಜಗಲಿಯಲ್ಲಿ ಕೂತರು. ಯಾವ ಮಾವನ ಹೆಸರು ಮೇಲೆ, ಯಾವ ದೊಡ್ಡಪ್ಪನ ಹೆಸರು ಕೆಳಗೆ ಎಂಬುದನ್ನು ಎರಡೂ ಮನೆಯವರು ಜಗಳಾಡಿ, ಮಾತು ಬಿಟ್ಟು, ಮತ್ತೆ ಕೂಡಿ ತೀರ್ಮಾನಿಸಿದ್ದರು. ಆ ತೀರ್ಮಾನ ಇದ್ದದ್ದು ಶಶಿಕಲಾಳ ಫೈಲಿನಲ್ಲಿ ಮಾತ್ರ. ಅವಳು ಲಾಗಿನ್ ಆದಳು. ಫೋಲ್ಡರ್ ಖಾಲಿ!

"ಹ್ವಾಯ್, ಎಂತ ಮಾಡಿದ್ರಿ ನೀವ್? ನನ್ನ ಒಂದ್ ಫೈಲೂ ಇಲ್ಲ್ಯಲೆ!" ಅವಳು ಕುರ್ಚಿ ಸಮೇತ ನನ್ನ ಕಡೆ ತಿರುಗಿದಳು. ಜಗಲಿಯಿಂದ ವ್ಯಾಪಾರಿ, "ಅಕ್ಕಾ, ಮತ್ತೆ ಹೆಸ್ರ್ ಬರ್ಸುಕೆ ಹೋರೆ ಈ ಸಲ ಮದ್ವಿಯೇ ನಿಂತ್ ಹೋತ್" ಎಂದರು.

ಲಾಗಿನ್ ಫೈಲು ತೆರೆದೆ. ಫೋಲ್ಡರ್ ತರುವ ಸಾಲಿನಲ್ಲಿ 'ಆಪ್ಷನಲ್' ಎಂದಿತ್ತು. ಬಂದರೆ ಬಂತು, ಇಲ್ಲದಿದ್ದರೆ ಬಿಡು ಎಂಬ ಧೋರಣೆ. ಇಷ್ಟು ಸಲುಗೆ ಕೊಟ್ಟದ್ದೇ ತಪ್ಪೆಂದು ಅದನ್ನು 'ರಿಕ್ವೈರ್ಡ್' ಮಾಡಿದೆ. ಫೋಲ್ಡರ್ ಬಾರದಿದ್ದರೆ ಯಾರನ್ನೂ ಒಳಗೆ ಬಿಡಬೇಡ ಎಂದು ಅದರರ್ಥ. ಕೈ ಸುಮ್ಮನಿರದೆ, ಮೇಲಿನ ಸಾಲನ್ನು ಕೆಳಗೂ ಕೆಳಗಿನದನ್ನು ಮೇಲೂ ಹಾಕಿದೆ. ಎರಡನೆಯ ಕಂಪ್ಯೂಟರಿಗೂ ಅದೇ ಶಾಸ್ತಿ. ಈಗ ಶಶಿಕಲಾಳ ಮಾತಿರಲಿ, ಎರಡೂ ನನ್ನನ್ನೇ ಒಳಗೆ ಬಿಡಲಿಲ್ಲ.

ಅಷ್ಟರಲ್ಲಿ ಅತ್ತೆ, ಅಂದರೆ ಶಶಿಕಲಾಳ ತಾಯಿ, ಒಳಗಿನಿಂದ ಬಂದರು. ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಅವರು ಒಳಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತುಬಿಡುವವರು.

"ಅಕ್ಕಿ ಡಬ್ಬದ್ ಹತ್ರ ಇಪ್ಪು ಪೆಟ್ಟಿಗಿ ಪ್ಲಗ್ ನಾನೇ ತೆಗ್ದಿದ್ದೆ. ಕೊಲ್ಲೂರ್ ಬದಿಗೆ ಗುಡ್ಗುದ್ ಕೇಂತಿಲ್ಲ್ಯಾ ನಿಮ್ಗೆ?"

ಓಡಿಹೋಗಿ ಪ್ಲಗ್ ಹಾಕಿದೆ. ಒಳಗಿನ ಪೆಟ್ಟಿಗೆ ಗುಂಯ್ ಎಂದು ಎದ್ದಿತು. ಆದರೇನು, ನಾನು ಆಗಲೇ ಸರಿ ಮಾಡಿಯಾಗಿತ್ತಲ್ಲ! ಲಾಗಿನ್ ಆಗಲಿಲ್ಲ. ಶಶಿಕಲಾ ನನ್ನ ಮುಖವನ್ನೇ ನೋಡಿದಳು. "ಅಮ್ಮ ಕೆಡ್ಸಿದ್ದ್ ಪ್ಲಗ್ ಹಾಕಿರೆ ಸರಿ ಆತ್. ನೀವ್ ಸರಿ ಮಾಡಿದ್ದ್ ಎಂತ ಹಾಕಿರೆ ಸರಿ ಆತ್?"

"ಸಿಡಿ" ಎಂದೆ, ಆದಷ್ಟು ಮೆಲ್ಲಗೆ.

ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಲಿನಕ್ಸ್ ಸಿಡಿ ಹಾಕಿ ಕಂಪ್ಯೂಟರನ್ನು ಎಬ್ಬಿಸಿ, ನನ್ನ ತಿದ್ದುಪಡಿಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ. ಅಷ್ಟು ಹೊತ್ತೂ ಅತ್ತೆ ಪ್ಲಗ್ಗಿನ ಪಕ್ಕದಲ್ಲೇ, ಕಿಟಕಿಯಿಂದ ಮೋಡ ನೋಡುತ್ತ ಕಾವಲು ನಿಂತಿದ್ದರು. ಕೊನೆಗೂ ಫೋಲ್ಡರ್ ಬಂತು. ಮಾವ ಮೇಲೆ, ದೊಡ್ಡಪ್ಪ ಕೆಳಗೆ, ಎಲ್ಲರೂ ಅವರವರ ಜಾಗದಲ್ಲೇ ಇದ್ದರು. ವ್ಯಾಪಾರಿ ಬೆರಳಿಟ್ಟು ಪ್ರತಿ ಹೆಸರನ್ನೂ ಓದಿ ನಕ್ಕರು. ಶಶಿಕಲಾ ತನ್ನ ಕಾಫಿಯಲ್ಲಿ ಅರ್ಧ ನನಗೆ ಕೊಟ್ಟಳು.

ಈಗಲೂ ಗುಡುಗಿದರೆ ಅತ್ತೆ ಪ್ಲಗ್ ಕೀಳುತ್ತಾರೆ. ಆದರೆ ಕೀಳುವ ಮೊದಲು ನಾನು ಎಲ್ಲಿದ್ದರೂ ಕೇಳುವಂತೆ ಕೂಗುತ್ತಾರೆ:

"ಹ್ವಾಯ್, ನಾನ್ ಪ್ಲಗ್ ತೆಗಿತೆ! ನೀವ್ ಎಂತದೂ ಸರಿ ಮಾಡುಕ್ ಹೋಗ್ಬೇಡಿ!"